ಬೆಳಕೂ ಬೇಕು, ಮರೆಯೂ ಬೇಕು: ಕಿಟಕಿ ಪರದೆ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಪಾರ್ಟ್‌ಮೆಂಟ್ ಕಿಟಕಿಯವೇ. ಓದುತ್ತಾ ಖುಷಿಯಾಯಿತು, ಯಾಕೆಂದರೆ ಇದು ನನ್ನ ಕಸುಬು. ಪರದೆ ಹೊಲಿದು, ಮನೆಮನೆಗೆ ಹೋಗಿ ಅಳತೆ ತೆಗೆದು, ಏಣಿ ಹತ್ತಿ ರಾಡ್ ಕೂರಿಸಿ ಬದುಕಿದವಳು ನಾನು. ಜಯನಗರದ ಅಂಗಡಿಯನ್ನು ಈಗ ಸೊಸೆ ನೋಡಿಕೊಳ್ಳುತ್ತಾಳೆ. ಅಂಗಡಿಗೆ ಬಂದವರು ಮೊದಲು ಕೇಳುವುದು ‘ಯಾವ ಬಣ್ಣ ಚೆನ್ನಾಗಿರುತ್ತದೆ?’ ಎಂದು. ಬಣ್ಣಕ್ಕೆ ಆಮೇಲೆ ಬರೋಣ ಅನ್ನುತ್ತೇನೆ. ಬೆಳಕು ಯಾವ ಕಡೆಯಿಂದ ಬರುತ್ತದೆ? ಜನರ ನೋಟ ಯಾವ ಕಡೆಯಿಂದ ಬರುತ್ತದೆ? ಯಾವ ಹೊತ್ತಿನಲ್ಲಿ? ಇವಿಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಕೆಳಗಿನ ಪತ್ರಗಳಿಗೂ ಇದನ್ನೇ ಹಿಡಿದುಕೊಂಡು ಉತ್ತರಿಸಿದ್ದೇನೆ.

*

ಅಕ್ಕಾ, ನಮ್ಮದು ಕೆಂಗೇರಿ ಕಡೆ ಮೂರನೇ ಮಹಡಿಯ ಮನೆ. ಹಾಲ್ ಕಿಟಕಿಯ ಎದುರಿಗೇ ಪಕ್ಕದ ಬ್ಲಾಕ್‌ನವರ ಹಾಲ್. ನಡುವೆ ಹದಿನೈದು ಅಡಿಯೂ ಇಲ್ಲ. ಅತ್ತೆಯವರಿಗೆ ಪೇಪರ್ ಓದಲು ಬೆಳಕು ಬೇಕು. ಪರದೆ ಎಳೆದರೆ ಉಸಿರು ಕಟ್ಟಿದ ಹಾಗಾಗುತ್ತದೆ ಅನ್ನುತ್ತಾರೆ. ನನಗೆ ನೈಟಿಯಲ್ಲಿ ಓಡಾಡಲೂ ಸಂಕೋಚ. ಬಿಳಿ ತೆಳು ಪರದೆ ಹಾಕಿಸಿದೆವು. ರಾತ್ರಿ ಎಲ್ಲವೂ ಕಾಣುತ್ತದೆ ಎಂದು ಎದುರುಮನೆ ಆಂಟಿಯೇ ಹೇಳಿದರು. ಅವತ್ತಿನಿಂದ ಹಗಲೂ ದಪ್ಪ ಪರದೆ ಎಳೆದು ಲೈಟ್ ಹಾಕಿಕೊಂಡು ಕೂರುತ್ತಿದ್ದೇನೆ. ಮನೆಯಲ್ಲಿ ದಿನಾ ಇದೇ ಮಾತು. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ತಂಗಿ, ನಿಮ್ಮ ತೆಳು ಪರದೆಯಲ್ಲಿ ದೋಷವಿಲ್ಲ. ಅದು ಹಗಲಿಗೆ ಇರುವ ಪರದೆ. ರಾತ್ರಿಯ ಕೆಲಸವನ್ನೂ ಅದರ ತಲೆಗೇ ಕಟ್ಟಿದ್ದರಿಂದ ಈ ತೊಂದರೆ.

ತೆಳು ಪರದೆಯ ಎರಡು ಬದಿಯಲ್ಲಿ ಯಾವ ಕಡೆ ಬೆಳಕು ಹೆಚ್ಚೋ ಆ ಕಡೆ ಇರುವುದು ಕಾಣುತ್ತದೆ. ಹಗಲು ಹೊರಗೆ ಬೆಳಕು ಜಾಸ್ತಿ. ಒಳಗಿನಿಂದ ನಿಮಗೆ ಎದುರುಮನೆ ಕಾಣುತ್ತದೆ, ಅವರಿಗೆ ಬಿಳಿ ಬಟ್ಟೆಯಷ್ಟೇ ಕಾಣುತ್ತದೆ. ಸಂಜೆ ನೀವು ಟ್ಯೂಬ್‌ಲೈಟ್ ಹಾಕಿದ ಕೂಡಲೇ ಲೆಕ್ಕ ತಿರುಗಿಬೀಳುತ್ತದೆ. ಎಷ್ಟೇ ದುಬಾರಿ ಬಟ್ಟೆ ತಂದರೂ ಇದು ತಪ್ಪುವುದಿಲ್ಲ. ಜುಲೈ ತಿಂಗಳ ಮಧ್ಯಾಹ್ನ ಮೋಡ ಕವಿದಾಗ ಒಳಗೆ ಲೈಟ್ ಹಾಕಿದರೂ ಹೀಗೇ ಆಗುತ್ತದೆ. ತುಂಬಾ ಜನ ಇದನ್ನು ಗಮನಿಸುವುದಿಲ್ಲ.

ಹಾಗಾಗಿ ಹಗಲು ದಪ್ಪ ಪರದೆ ಎಳೆಯುವ ಅಗತ್ಯವೇ ಇಲ್ಲ. ತೆಳು ಪರದೆ ಎಳೆದಿರಲಿ, ಹಾಲ್‌ನ ಲೈಟ್ ಆರಿರಲಿ. ಅತ್ತೆಯವರ ಕುರ್ಚಿಯನ್ನು ಕಿಟಕಿಗೆ ಹತ್ತಿರ, ಬೆಳಕು ಅವರ ಎಡಭುಜದ ಕಡೆಯಿಂದ ಪೇಪರ್ ಮೇಲೆ ಬೀಳುವ ಹಾಗೆ ತಿರುಗಿಸಿ ಇಡಿ. ತೆಳು ಪರದೆಯಿಂದ ಸೋಸಿ ಬರುವ ಬೆಳಕು ವಯಸ್ಸಾದವರ ಕಣ್ಣಿಗೆ ಚುಚ್ಚುವುದಿಲ್ಲ. ಬರೀ ಗಾಜಿನಿಂದ ಬರುವ ಬಿಸಿಲಿಗಿಂತ ಇದರಲ್ಲಿ ಓದುವುದು ಹಿತ.

ರಾತ್ರಿಗೆ ಎರಡನೇ ಪದರ ಬೇಕೇ ಬೇಕು. ಡಬಲ್ ರಾಡ್ ಹಾಕಿಸಿ. ಗಾಜಿನ ಕಡೆಗೆ ತೆಳುವಾದದ್ದು, ಕೋಣೆಯ ಕಡೆಗೆ ದಪ್ಪದ್ದು. ಒಂದು ವಿಷಯದಲ್ಲಿ ಮಾತ್ರ ಹಟ ಮಾಡಿ: ರಾಡ್ ಕಿಟಕಿಗಿಂತ ಎರಡೂ ಕಡೆ ಆರರಿಂದ ಎಂಟು ಇಂಚು ಹೊರಗೆ ಚಾಚಿರಬೇಕು. ಆಗ ಹಗಲು ದಪ್ಪ ಪರದೆಯನ್ನು ಪಕ್ಕಕ್ಕೆ ಸರಿಸಿದಾಗ ಅದು ಗೋಡೆಯ ಮೇಲೆ ಕೂರುತ್ತದೆ, ಗಾಜು ಪೂರ್ತಿ ಬಿಡುವಾಗುತ್ತದೆ. ಕಿಟಕಿಯಷ್ಟೇ ಅಗಲದ ರಾಡ್ ಹಾಕಿ ಎರಡೂ ಬದಿಯ ಬೆಳಕನ್ನು ಬಟ್ಟೆಯ ಗಂಟಿಗೆ ಕೊಟ್ಟುಬಿಟ್ಟ ಮನೆಗಳನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಅತ್ತೆಯವರಿಗೆ ರಾತ್ರಿಯೂ ಕಟ್ಟಿಹಾಕಿದ ಹಾಗೆ ಅನ್ನಿಸುತ್ತದೆ ಅಂದರೆ ಹಳೆಯ ಮನೆಗಳ ಅರ್ಧ ಪರದೆ ನೆನಪಿಸಿಕೊಳ್ಳಿ. ಎರಡು ಕೊಕ್ಕೆಯ ನಡುವೆ ಸ್ಪ್ರಿಂಗ್ ತಂತಿ, ಅದಕ್ಕೆ ಪೋಣಿಸಿದ ಬಟ್ಟೆ. ನಿಮ್ಮ ಕಿಟಕಿ ನೆಲದಿಂದ ಮೂರು ಅಡಿಗೆ ಶುರುವಾಗಿ ಏಳು ಅಡಿಗೆ ಮುಗಿಯುತ್ತದೆ ಅಂದುಕೊಳ್ಳೋಣ. ಐದೂವರೆ ಅಡಿ ಎತ್ತರದವರೆಗೆ ದಪ್ಪ ಬಟ್ಟೆ ಬಂದರೆ ಎದುರಿನ ಮೂರನೇ ಮಹಡಿಯವರಿಗೆ ನಿಂತವರ ತಲೆಯೂ ಕಾಣುವುದಿಲ್ಲ. ಮೇಲಿನ ಒಂದೂವರೆ ಅಡಿಯಲ್ಲಿ ಆಕಾಶ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆ, ನೋಟ ನೇರಕ್ಕೆ ಬರುತ್ತದೆ. ಎರಡೂ ಬೇರೆ ದಾರಿಯಲ್ಲಿ ಬರುವುದರಿಂದಲೇ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಲು ಆಗುತ್ತದೆ. ಆದರೆ ಎದುರು ಬ್ಲಾಕ್‌ನ ನಾಲ್ಕು, ಐದನೇ ಮಹಡಿಯವರು ಆ ಸಂದಿನಿಂದ ಕೆಳಗೆ ನೋಡಬಹುದು. ಅಲ್ಲಿ ಬಾಲ್ಕನಿ ಇದ್ದರೆ ಅರ್ಧ ಪರದೆ ಸಾಲದು, ರಾತ್ರಿ ಪೂರ್ತಿಯೇ ಎಳೆಯಿರಿ.

ಇನ್ನೊಂದು ಮಾತು, ಹೆಣ್ಣುಮಕ್ಕಳು ಇದನ್ನು ತಿಳಿದಿರಲೇಬೇಕು. ಪರದೆ ಎಳೆದಿದ್ದರೂ ನೆರಳು ಬೀಳುತ್ತದೆ. ದೀಪ ನಿಮ್ಮ ಬೆನ್ನ ಹಿಂದೆ ಇದ್ದು ನೀವು ಕಿಟಕಿಗೆ ಹತ್ತಿರ ಇದ್ದರೆ, ಬಟ್ಟೆಯ ಮೇಲೆ ನಿಮ್ಮ ಆಕಾರ ಮೂಡುತ್ತದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ದೀಪ ಕಿಟಕಿ ಇರುವ ಗೋಡೆಯ ಕಡೆಗೇ ಇರಲಿ, ಪರದೆಗೆ ಅಸ್ತರ್ ಇರಲಿ.

ಎಲ್ಲ ಆದ ಮೇಲೆ, ಸಂಜೆ ಏಳೂವರೆಗೆ ಮನೆಯ ಲೈಟುಗಳನ್ನೆಲ್ಲ ಹಾಕಿ, ಆ ಆಂಟಿಯ ಮನೆಗೆ ಕಾಫಿಗೆ ಹೋಗಿ. ಅವರ ಹಾಲ್‌ನಿಂದ ನಿಮ್ಮ ಕಿಟಕಿ ನೋಡಿ. ನೇರವಾಗಿ ಬಂದು ಹೇಳಿದ ಅವರು ಒಳ್ಳೆಯ ನೆರೆಯವರು. ಮತ್ತೆ, ಸೊಳ್ಳೆ ಮೆಶ್ ತೊಳೆದು ಎಷ್ಟು ದಿನವಾಯಿತು ನೋಡಿ. ಕೆಂಗೇರಿಯ ಧೂಳು ಕೂತ ಮೆಶ್ ತಡೆಯುವಷ್ಟು ಬೆಳಕನ್ನು ನಿಮ್ಮ ಬಿಳಿ ಪರದೆ ತಡೆಯುತ್ತಿಲ್ಲದಿರಬಹುದು.

*

ಮೇಡಂ, ನಾನು ನಿವೃತ್ತ ಶಿಕ್ಷಕ. ನಾಲ್ಕನೇ ಮಹಡಿ, ಹಾಲ್ ಮತ್ತು ಬಾಲ್ಕನಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಮೇಲೆ ಕೂರಲು ಆಗುವುದಿಲ್ಲ. ಬಿಸಿಲು ತಡೆಯಲೆಂದೇ ಕಡುಕಂದು ಬಣ್ಣದ ಬ್ಲ್ಯಾಕ್‌ಔಟ್ ಪರದೆ ಹಾಕಿಸಿದೆ. ಕತ್ತಲಾಯಿತು, ತಂಪಾಗಲಿಲ್ಲ. ಸಜ್ಜಾ ಎರಡು ಅಡಿ ಇದೆ, ಅದೂ ಉಪಯೋಗಕ್ಕಿಲ್ಲ.
— ಓದುಗರು, ಮೈಸೂರು

ಸರ್, ಸಜ್ಜಾ ನೆತ್ತಿಯ ಮೇಲಿನ ಸೂರ್ಯನನ್ನು ತಡೆಯುತ್ತದೆ. ಸಂಜೆಯ ಸೂರ್ಯ ಕೆಳಕ್ಕೆ ಇಳಿದು ನೇರವಾಗಿ ಕಿಟಕಿಯೊಳಗೇ ನುಗ್ಗುತ್ತಾನೆ. ಅಲ್ಲಿ ಸಜ್ಜಾ ಏನೂ ಮಾಡಲಾರದು.

ಪರದೆಯ ವಿಷಯವೂ ಹೀಗೇ. ಬಿಸಿಲು ಗಾಜು ದಾಟಿತು ಅಂದರೆ ಶಾಖ ಮನೆಯೊಳಗೆ ಬಂದಾಯಿತು. ಕಡುಬಣ್ಣದ ಬಟ್ಟೆ ಆ ಬಿಸಿಲನ್ನೆಲ್ಲ ಹೀರಿ ತಾನೇ ಕಾಯುತ್ತದೆ. ಕಾದ ಬಟ್ಟೆ ಕೋಣೆಯನ್ನು ಕಾಯಿಸುತ್ತದೆ. ಸಂಜೆ ಐದಕ್ಕೆ ನಿಮ್ಮ ಪರದೆಯ ಬೆನ್ನಿಗೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ಇದೇ ಪರದೆಗೆ ಗಾಜಿನ ಕಡೆ ಅಚ್ಚ ಬಿಳಿ ಅಸ್ತರ್ ಕೊಡಿಸಿದರೆ ಒಂದಿಷ್ಟು ಬಿಸಿಲು ಗಾಜಿನಿಂದಲೇ ವಾಪಸ್ ಹೋಗುತ್ತದೆ. ಹೊಸ ಪರದೆ ಬೇಡ, ಅಸ್ತರ್ ಸಾಕು.

ನಿಜವಾದ ಪರಿಹಾರ ಗಾಜಿನ ಹೊರಗಿದೆ. ನಿಮಗೆ ಬಾಲ್ಕನಿ ಇದೆ, ಅದು ಅದೃಷ್ಟ. ಬಾಲ್ಕನಿಯ ಹೊರ ಅಂಚಿಗೆ ಬಿದಿರಿನ ಚಿಕ್, ಅಂದರೆ ಕಡ್ಡಿ ಪೋಣಿಸಿದ ಸುತ್ತುವ ಪರದೆ, ಇಳಿಬಿಡಿಸಿ. ಬಿಸಿಲು ಅಲ್ಲೇ ನಿಲ್ಲುತ್ತದೆ, ಚಿಕ್ ಕಾದರೂ ಗಾಳಿ ಆ ಶಾಖವನ್ನು ಹೊರಗೇ ಒಯ್ಯುತ್ತದೆ. ಕಡ್ಡಿಗಳ ಸಂದಿನಿಂದ ಹದವಾದ ಬೆಳಕೂ ಬರುತ್ತದೆ, ರಸ್ತೆಯೂ ಕಾಣುತ್ತದೆ. ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಬಂಬೂ ಬಜಾರ್ ಇದೆ. ಅಲ್ಲಿ ಮೇದರ ಕೈಯಲ್ಲಿ ನಿಮ್ಮ ಅಳತೆಗೇ ಮಾಡಿಸಬಹುದು. ಅಂಚಿಗೆ ಬಟ್ಟೆಯ ಪಟ್ಟಿ ಹೊಲಿಸಿ, ಇಲ್ಲದಿದ್ದರೆ ಕಡ್ಡಿ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಎರಡೂ ಮೂಲೆಯನ್ನು ಗ್ರಿಲ್‌ಗೆ ಕಟ್ಟಲು ಹಗ್ಗ ಇರಲಿ, ನಾಲ್ಕನೇ ಮಹಡಿಯ ಗಾಳಿಗೆ ಸುಮ್ನೆ ಬಿಟ್ಟ ಚಿಕ್ ಒಂದು ಮಳೆಗಾಲವೂ ತಾಳುವುದಿಲ್ಲ. ಜೂನ್‌ನಲ್ಲಿ ಸುತ್ತಿ ಮೇಲಕ್ಕೆ ಕಟ್ಟಿಬಿಡಿ. ಹಾಕಿಸುವ ಮೊದಲು ಅಸೋಸಿಯೇಷನ್‌ನವರಿಗೆ ಒಂದು ಮಾತು ತಿಳಿಸಿ.

ಕಲಬುರಗಿ, ರಾಯಚೂರು ಕಡೆ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುತ್ತಾರೆ. ಅಲ್ಲಿಯ ಒಣ ಸೆಕೆಗೆ ಅದು ಚೆನ್ನ. ನೀರು ಆರುವಾಗ ಗಾಳಿ ತಣ್ಣಗಾಗುತ್ತದೆ. ಮೈಸೂರಿನ ಏಪ್ರಿಲ್‌ಗೂ ಒಂದಿಷ್ಟು ನಡೆಯುತ್ತದೆ. ಕರಾವಳಿಯವರು ಮಾತ್ರ ಇದಕ್ಕೆ ದುಡ್ಡು ಹಾಕಬೇಡಿ. ಅಲ್ಲಿಯ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿರುತ್ತದೆ, ತಟ್ಟಿ ಆರುವುದೇ ಇಲ್ಲ.

*

ನಮ್ಮ ಬೆಡ್‌ರೂಮ್ ಕಿಟಕಿ ದಕ್ಷಿಣಕ್ಕೆ. ಹೋದ ಡಿಸೆಂಬರ್‌ನಲ್ಲಿ ಮನೆಗೆ ಬಂದೆವು. ಮಧ್ಯಾಹ್ನ ಬಿಸಿಲು ಮಂಚದವರೆಗೂ ಬರುತ್ತಿತ್ತು. ಬೇಸಿಗೆಯಲ್ಲಿ ಇನ್ನೆಷ್ಟು ಬರಬಹುದೋ ಎಂದು ಹೆದರಿ ದಪ್ಪ ಪರದೆಗೆ ಆರ್ಡರ್ ಕೊಡುವವರಿದ್ದೇವೆ.
— ದಂಪತಿ, ರಾಜರಾಜೇಶ್ವರಿನಗರ

ದಯವಿಟ್ಟು ಆರ್ಡರ್ ನಿಲ್ಲಿಸಿ. ದಕ್ಷಿಣದ ಬಿಸಿಲು ಚಳಿಗಾಲದ ಅತಿಥಿ. ಡಿಸೆಂಬರ್‌ನಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಅದಕ್ಕೇ ಒಳಗೆ ಬರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಮೇಲೇ ಬರುತ್ತಾನೆ. ಅವತ್ತು ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನಡುಮಧ್ಯಾಹ್ನ ನೆರಳೇ ಬೀಳುವುದಿಲ್ಲ. ಮುಂದೆ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಬೇಸಿಗೆಯ ಸುಡುಬಿಸಿಲು ನಿಮ್ಮ ಕಿಟಕಿಗೆ ಹೆಚ್ಚು ಬರುವುದಿಲ್ಲ. ಬಂದ ಅಲ್ಪಸ್ವಲ್ಪವನ್ನು ಸಜ್ಜಾ ನೋಡಿಕೊಳ್ಳುತ್ತದೆ. ಚಳಿಯಲ್ಲಿ ಬರುವ ಬಿಸಿಲಿಗೆ ಹಾಸಿಗೆ ಕಾಯಲಿ, ಒಳ್ಳೆಯದೇ. ಹಗಲಿಗೆ ತೆಳುವಾದದ್ದು, ರಾತ್ರಿಯ ಮರೆಗೆ ಸಾಧಾರಣ ಹತ್ತಿಯದ್ದು ಸಾಕು. ಉಳಿದ ದುಡ್ಡನ್ನು ಪಶ್ಚಿಮದ ಕಿಟಕಿ ಇದ್ದರೆ ಅದಕ್ಕೆ ಹಾಕಿ.

*

ನಾನು ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ ಒಂಬತ್ತಕ್ಕೆ ಮಲಗುತ್ತೇನೆ. ಕಿಟಕಿ ಪೂರ್ವಕ್ಕೆ. ಬ್ಲ್ಯಾಕ್‌ಔಟ್ ಪರದೆ ತಂದರೂ ಕೋಣೆ ಕತ್ತಲಾಗುತ್ತಿಲ್ಲ. ನಿದ್ದೆಯಿಲ್ಲದೆ ಸಾಕಾಗಿದೆ.
— ಓದುಗರು, ಹುಬ್ಬಳ್ಳಿ

ನಿಮ್ಮ ನಿದ್ದೆಗೆ ಬೆಲೆ ಇದೆ ತಾಯಿ, ರಾತ್ರಿಯಿಡೀ ಇನ್ನೊಬ್ಬರನ್ನು ಕಾಯುವವರು ನೀವು. ಇದನ್ನು ಸರಿ ಮಾಡೋಣ.

ಮೊದಲು ಬಟ್ಟೆ ಪರೀಕ್ಷಿಸಿ. ಪರದೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕಿನ ಚುಕ್ಕೆ ಕಂಡರೆ ಅದು ಹೆಸರಿಗೆ ಮಾತ್ರ ಬ್ಲ್ಯಾಕ್‌ಔಟ್. ಏನೂ ಕಾಣದಿದ್ದರೆ ಬಟ್ಟೆ ಸರಿ, ಬೆಳಕು ಸಂದುಗಳಿಂದ ನುಗ್ಗುತ್ತಿದೆ. ನನ್ನ ಅನುಭವದಲ್ಲಿ ಹೆಚ್ಚಿನ ಮನೆಗಳಲ್ಲಿ ಸಂದಿನದ್ದೇ ತಕರಾರು.

ನಿಮ್ಮದು ಐಲೆಟ್ ಪರದೆ, ಅಂದರೆ ರಿಂಗ್ ಕೂರಿಸಿ ರಾಡ್‌ಗೆ ಪೋಣಿಸಿದ್ದು ಇರಬೇಕು. ಅದರ ಮೇಲಂಚು ಅಲೆಯಂತೆ ನಿಲ್ಲುತ್ತದೆ, ಪ್ರತಿ ಅಲೆಯ ಹಿಂದಿನಿಂದ ಬೆಳಕು ಚಾವಣಿಗೆ ಹಾರುತ್ತದೆ. ಮಲಗುವ ಕೋಣೆಗೆ ಟ್ರ್ಯಾಕ್ ಹಾಕಿಸಿ, ಕೊಕ್ಕೆಯಿಂದ ತೂಗುವ ಪ್ಲೀಟ್ ಪರದೆ, ಅಂದರೆ ಮೇಲೆ ನೆರಿಗೆ ಹಿಡಿದು ಹೊಲಿದದ್ದು, ಮಾಡಿಸಿ, ಟ್ರ್ಯಾಕನ್ನು ಚಾವಣಿಗೇ ತಾಗಿಸಿ. ಬಾಡಿಗೆ ಮನೆಯಾದರೆ ಇದ್ದ ರಾಡ್ ಮೇಲೇ ಪೆಲ್ಮೆಟ್, ಅಂದರೆ ಮೇಲಂಚನ್ನು ಮುಚ್ಚುವ ಒಂದು ಹಲಗೆ ಸಾಕು. ಪಕ್ಕದ ಸಂದಿಗೆ ಪರದೆಯ ಅಂಚನ್ನು ವೆಲ್ಕ್ರೋ ಪಟ್ಟಿಯಿಂದ ಗೋಡೆಗೆ ಅಂಟಿಸಿ. ನಡುವೆ ಎರಡು ಪರದೆ ಸೇರುವಲ್ಲಿ ನಾಲ್ಕು ಇಂಚು ಒಂದರ ಮೇಲೊಂದು ಬರಬೇಕು.

ಹಿಂದೆ ರಬ್ಬರಿನಂತೆ ಲೇಪನ ಇರುವ ಬಟ್ಟೆಯಾದರೆ ಹಿಂಡಬೇಡಿ, ಇಸ್ತ್ರಿಯನ್ನು ಲೇಪನದ ಮೇಲೆ ಇಡಬೇಡಿ. ಆಲ್ಟರೇಷನ್ ಮಾಡಿಸಿದರೆ ಬಿಚ್ಚಿದ ಹೊಲಿಗೆಯ ತೂತುಗಳಿಂದಲೂ ಬೆಳಕು ಬರುತ್ತದೆ. ಅಳತೆ ಮೊದಲೇ ಸರಿಯಾಗಿ ಕೊಡಿ. ಎದ್ದ ಮೇಲೆ ಮಾತ್ರ ಪರದೆ ಪೂರ್ತಿ ಸರಿಸಿ, ಒಂದಿಷ್ಟು ಹೊತ್ತು ಬೆಳಕಿನಲ್ಲಿ ಕೂತುಕೊಳ್ಳಿ.

*

ಹಾಲ್‌ಗೆ ಜೀಬ್ರಾ ಬ್ಲೈಂಡ್ ಹಾಕಿಸಲಾ? ಈಗ ಎಲ್ಲರ ಮನೆಯಲ್ಲೂ ಅದೇ.
— ಓದುಗರು, ತುಮಕೂರು

ನಿಮ್ಮ ಹಾಲ್ ಕಿಟಕಿ ದಿನವಿಡೀ ತೆರೆದಿರುತ್ತದೆಯೋ, ಮುಚ್ಚಿರುತ್ತದೆಯೋ? ತೆರೆದಿರುತ್ತದೆ ಅಂದರೆ ಬೇಡ. ಒಂದು ತೆಳು ಪಟ್ಟೆ, ಒಂದು ದಪ್ಪ ಪಟ್ಟೆ ಹಿಂದೆಮುಂದೆ ಸರಿದು ಬೆಳಕು ಹದ ಮಾಡುವ ಬ್ಲೈಂಡ್ ಅದು. ಎಸಿ ಹಾಕಿ ಕಿಟಕಿ ಮುಚ್ಚಿದ ಆಫೀಸಿಗೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ಮನೆಗಳಲ್ಲಿ ಕಿಟಕಿ ಗಾಳಿಗೆಂದೇ ತೆರೆದಿರುತ್ತದೆ. ಬ್ಲೈಂಡ್ ಇಳಿಬಿಟ್ಟರೆ ಗಾಳಿ ನಿಲ್ಲುತ್ತದೆ, ಗಾಳಿ ಜೋರಾದರೆ ಕೆಳಗಿನ ಪಟ್ಟಿ ಗೋಡೆಗೆ ಟಪಟಪ ಬಡಿಯುತ್ತದೆ. ಬಟ್ಟೆಯ ಪರದೆ ಗಾಳಿಯ ಜೊತೆ ಹೊಂದಿಕೊಳ್ಳುತ್ತದೆ. ಒಗೆಯುವುದೂ ಸುಲಭ. ಮುಚ್ಚಿಯೇ ಇರುವ ಸ್ಟಡಿ ಕಿಟಕಿಗೆ ಬೇಕಾದರೆ ಹಾಕಿಸಿ. ಪೂರ್ತಿ ಕತ್ತಲೆ ಬೇಕಾದ ಕೋಣೆಗೆ ಅದನ್ನು ನೆಚ್ಚಬೇಡಿ, ಪಟ್ಟೆಗಳ ನಡುವೆ ಬೆಳಕಿನ ಗೆರೆ ಉಳಿಯುತ್ತದೆ.

*

ನನ್ನ ಕೆಲಸದ ಕೋಣೆಗೆ ಅಡ್ಡಪಟ್ಟಿಯ ವೆನೀಷಿಯನ್ ಬ್ಲೈಂಡ್ ಇದೆ. ನಾನು ಎರಡನೇ ಮಹಡಿ. ಎದುರಿಗೆ ಹತ್ತು ಮಹಡಿಯ ಕಟ್ಟಡ ಎದ್ದಿದೆ. ಪೂರ್ತಿ ಮುಚ್ಚಿದರೆ ಕತ್ತಲೆ, ತೆರೆದರೆ ಮೇಲಿನವರೆಲ್ಲ ನೋಡುತ್ತಾರೆ.
— ಓದುಗರು, ಮಲ್ಲೇಶ್ವರ

ಪಟ್ಟಿಯ ವಾಲು ಬದಲಿಸಿ, ಅಷ್ಟೇ. ಮೇಲಿನಿಂದ ನೋಡುವವರ ನೋಟ ಕೆಳಮುಖವಾಗಿ ಒಳಗೆ ಬರುತ್ತದೆ. ಪಟ್ಟಿಯ ಹೊರ ಅಂಚು ಕೆಳಗೆ, ನಿಮ್ಮ ಕಡೆಯ ಅಂಚು ಮೇಲೆ ಇದ್ದರೆ ಆ ನೋಟಕ್ಕೆ ಪಟ್ಟಿ ಅಡ್ಡವಾಗುತ್ತದೆ. ನೆಲದಿಂದ ಹಿಂದಿರುಗುವ ಬೆಳಕು ಮಾತ್ರ ಮೇಲ್ಮುಖವಾಗಿ ನಿಮ್ಮ ಚಾವಣಿಗೆ ಹೋಗುತ್ತದೆ. ಚಾವಣಿ ಬಿಳಿ ಇದ್ದರೆ ಕೋಣೆ ತುಂಬುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಹೊಳಪೂ ಬೀಳುವುದಿಲ್ಲ. ನೋಟ ಕೆಳಗಿನ ರಸ್ತೆಯಿಂದ ಬರುವ ಮನೆಯವರು ಇದಕ್ಕೆ ತಿರುವುಮುರುವು ಮಾಡಬೇಕು: ಹೊರ ಅಂಚು ಮೇಲೆ, ಒಳ ಅಂಚು ಕೆಳಗೆ. ಆಗ ಆಕಾಶ ಕಾಣುತ್ತದೆ, ರಸ್ತೆಗೆ ನೀವು ಕಾಣುವುದಿಲ್ಲ.

*

ಹೋದ ಮಳೆಗಾಲದಲ್ಲಿ ನಮ್ಮ ದಪ್ಪ ಪರದೆಗಳ ಹಿಂಬದಿಯಲ್ಲಿ ಕಪ್ಪು ಚುಕ್ಕೆ ಬಂತು. ವಾಸನೆ ಬೇರೆ. ರಾಡ್ ತುಕ್ಕು ಹಿಡಿದು ಬಟ್ಟೆಗೂ ಕಲೆ. ಎಲ್ಲ ಬಿಸಾಡಬೇಕಾ?
— ಓದುಗರು, ಮಂಗಳೂರು

ಅದು ಬೂಷ್ಟು. ಲೇಪನದ ಬಟ್ಟೆಗೆ ಗಾಳಿಯಾಡುವುದಿಲ್ಲ. ಮಳೆಗೆ ಕಿಟಕಿ ಮುಚ್ಚಿರುತ್ತೀರಿ, ಗೋಡೆ ತಣ್ಣಗಿರುತ್ತದೆ, ಪರದೆಯ ಬೆನ್ನು ಅದಕ್ಕೆ ಅಂಟಿಕೊಂಡಿರುತ್ತದೆ. ಬೂಷ್ಟಿಗೆ ಬೇಕಾದದ್ದು ಅಷ್ಟೇ.

ಬಿಸಿಲು ಬಿದ್ದ ದಿನ ಹೊರಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಿಂದ ಉಜ್ಜಿ. ಮನೆಯೊಳಗೆ ಮಾತ್ರ ಕೊಡವಬೇಡಿ. ಆಮೇಲೆ ಸೋಪಿನ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಬ್ಲೀಚ್ ಬಿಳಿ ಹತ್ತಿಗೆ ಮಾತ್ರ. ಲೇಪನ ಸುಲಿಯುತ್ತಿದ್ದರೆ ಆ ಪರದೆಯ ಆಸೆ ಬಿಡಿ.

ಹೊಸದಾಗಿ ಹಾಕಿಸುವಾಗ ಹತ್ತಿ–ಪಾಲಿಸ್ಟರ್ ಬೆರೆತ, ಅಸ್ತರ್ ಇಲ್ಲದ, ಹಗುರ ಬಟ್ಟೆ ತೆಗೆದುಕೊಳ್ಳಿ. ಕಣ್ಣೂರಿನ ಕೈಮಗ್ಗದ ಪರದೆ ಬಟ್ಟೆ ನಿಮಗೆ ಹತ್ತಿರವೇ ಸಿಗುತ್ತದೆ, ನೇಯ್ಗೆ ಒತ್ತಾಗಿರುವುದರಿಂದ ಅಸ್ತರ್ ಇಲ್ಲದೆಯೂ ಮರೆ ಕೊಡುತ್ತದೆ. ಪರದೆಗೂ ಗೋಡೆಗೂ ಮೂರು ಇಂಚು ಅಂತರ ಇರುವ ಬ್ರ್ಯಾಕೆಟ್ ಕೇಳಿ. ರಾಡ್ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ರಿಂಗ್ ಕೂಡ ಹಾಗೇ, ಅಥವಾ ಪ್ಲಾಸ್ಟಿಕ್. ಕೆಳಗೆ ನೆಲದಿಂದ ಒಂದು ಇಂಚು ಮೇಲೆ ನಿಲ್ಲಲಿ. ಆಟಿ ತಿಂಗಳ ಜಡಿಮಳೆಯಲ್ಲಿ ಒಗೆಯುವ ಸಾಹಸ ಬೇಡ. ಜೂನ್‌ಗೆ ಮೊದಲು ಒಮ್ಮೆ, ಮಳೆ ಹಿಂದಾದ ಮೇಲೆ ಒಮ್ಮೆ ಒಗೆಯಿರಿ. ಎದುರಿಗೆ ಮನೆ ಇಲ್ಲದೆ ತೆಂಗಿನ ತೋಟವಷ್ಟೇ ಇರುವ ಕಿಟಕಿಗಳ ದಪ್ಪ ಪರದೆಯನ್ನು ಮಳೆಗಾಲದಲ್ಲಿ ಬಿಚ್ಚಿಟ್ಟುಬಿಡಿ. ಆ ಹಸಿರು ಬೆಳಕಿಗೆ ಯಾಕೆ ಅಡ್ಡ, ಅಲ್ವಾ?

*

ಗಾಜಿಗೆ ಕನ್ನಡಿಯಂಥ ಫಿಲ್ಮ್ ಅಂಟಿಸಿದರೆ ಹೊರಗಿನವರಿಗೆ ಒಳಗೆ ಕಾಣುವುದೇ ಇಲ್ಲವಂತೆ. ಪರದೆಯ ಖರ್ಚೇ ಉಳಿಯಿತು ಅಂದರೆ ಅಸೋಸಿಯೇಷನ್‌ನವರು ಬಿಡುತ್ತಿಲ್ಲ.
— ಓದುಗರು, ವೈಟ್‌ಫೀಲ್ಡ್

ಪರದೆಯ ಖರ್ಚು ಉಳಿಯುವುದಿಲ್ಲ. ತೆಳು ಪರದೆಯ ಬಗ್ಗೆ ಮೇಲೆ ಹೇಳಿದ್ದೇ ಫಿಲ್ಮ್‌ಗೂ ಅನ್ವಯ. ಹಗಲು ಹೊರಗಿನವರಿಗೆ ಅದು ಕನ್ನಡಿ. ರಾತ್ರಿ ಲೈಟ್ ಹಾಕಿದರೆ ನಿಮಗೆ ನಿಮ್ಮದೇ ಮುಖ ಕಾಣುತ್ತದೆ, ಹೊರಗಿನವರಿಗೆ ನಿಮ್ಮ ಮನೆ ಕಾಣುತ್ತದೆ. ಹಗಲು ರಾತ್ರಿ ಎರಡಕ್ಕೂ ಮರೆ ಕೊಡುವುದು ಹಾಲುಬಣ್ಣದ ಫ್ರಾಸ್ಟೆಡ್ ಫಿಲ್ಮ್. ಆದರೆ ಹೊರನೋಟವೂ ಹೋಗುತ್ತದೆ. ಅದು ಬಚ್ಚಲುಮನೆಗೆ, ಅಡುಗೆಮನೆ ಕಿಟಕಿಯ ಕೆಳಭಾಗಕ್ಕೆ ಸರಿ. ಗಾಜು ಬಣ್ಣದ್ದೋ ಲ್ಯಾಮಿನೇಟೆಡ್ಡೋ ಆಗಿದ್ದರೆ ಬಿಸಿಲು ಹೀರುವ ಫಿಲ್ಮ್ ಅಂಟಿಸಬೇಡಿ, ಕಾದು ಬಿರುಕು ಬಿಡಬಹುದು.

ಅಸೋಸಿಯೇಷನ್‌ನವರ ಜೊತೆ ಜಗಳ ಬೇಡ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯಲ್ಲಿ ನೋಂದಾಯಿಸಿದ ಕಟ್ಟಡವಾದರೆ ಬೈಲಾ, ಅಂದರೆ ಸಂಘದ ನಿಯಮಾವಳಿ ಪಾಲಿಸುವುದು ಮಾಲೀಕರ ಹೊಣೆ. ಹೊರಗಿನಿಂದ ಕಟ್ಟಡ ಒಂದೇ ಥರ ಕಾಣಬೇಕೆಂದು ಅನೇಕ ಬೈಲಾಗಳಲ್ಲಿ ಇರುತ್ತದೆ. ಬೈಲಾ ಪ್ರತಿ ಕೇಳಿ ಓದಿ. ಪರದೆಗೆ ಬಿಳಿ ಅಸ್ತರ್ ಕೊಟ್ಟರೆ ಒಳಗೆ ನಿಮ್ಮಿಷ್ಟದ ಬಣ್ಣ ಇಟ್ಟುಕೊಳ್ಳಬಹುದು, ಹೊರಗೆ ಎಲ್ಲ ಕಿಟಕಿಯೂ ಬಿಳಿ. ನಾನು ಹೊಲಿದುಕೊಟ್ಟ ಎಷ್ಟೋ ಮನೆಗಳ ತಕರಾರು ಹೀಗೇ ಬಗೆಹರಿದಿದೆ.

*

ಅಡುಗೆಮನೆಗೆ ಯಾವ ಪರದೆ?
— ಓದುಗರು, ಹಾಸನ

ಒಲೆಯ ಪಕ್ಕದ ಕಿಟಕಿಗೆ ಬಟ್ಟೆ ಬೇಡವೇ ಬೇಡ. ಗಾಳಿಗೆ ಹಾರಿ ಬೆಂಕಿ ತಾಗುತ್ತದೆ. ಒಗ್ಗರಣೆಯ ಜಿಡ್ಡೂ ಹಿಡಿಯುತ್ತದೆ. ಗಾಜಿನ ಕೆಳ ಅರ್ಧಕ್ಕೆ ಫ್ರಾಸ್ಟೆಡ್ ಫಿಲ್ಮ್ ಅಂಟಿಸಿ, ಮೇಲರ್ಧ ಬರಿದೇ ಬಿಡಿ.

*

ಎರಡು ವರ್ಷದ ಮಗಳಿದ್ದಾಳೆ. ರೋಲರ್ ಬ್ಲೈಂಡ್‌ನ ಮಣಿಸರ ಹಿಡಿದು ಆಡುವುದೆಂದರೆ ಅವಳಿಗೆ ಪ್ರಾಣ. ಮುರಿದುಹಾಕದಂತೆ ಏನು ಮಾಡಲಿ?
— ಓದುಗರು, ಬೆಳಗಾವಿ

ಅಮ್ಮಾ, ಬ್ಲೈಂಡ್ ಮುರಿದರೆ ಮುರಿಯಲಿ. ಆ ಸರ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ನನ್ನ ಹೆದರಿಕೆ ಅದು. ಇಳಿಬಿದ್ದ ಹಗ್ಗ, ಮಣಿಸರಗಳಿಗೆ ಸಿಕ್ಕಿ ಪುಟ್ಟ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. ನಿಮಿಷಗಳಲ್ಲಿ ಆಗಿಬಿಡುತ್ತದೆ, ಸದ್ದೂ ಬರುವುದಿಲ್ಲ. ಈ ಪತ್ರಿಕೆ ಕೈಗೆ ಬಂದ ದಿನವೇ ಕಿಟಕಿಯ ಕೆಳಗಿನಿಂದ ಮಂಚ, ಕುರ್ಚಿ, ಆಟಿಕೆ ಡಬ್ಬಿ ಎಲ್ಲ ಸರಿಸಿ. ಮಣಿಸರವನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಕ್ಲಿಪ್ ಬ್ಲೈಂಡ್ ಅಂಗಡಿಯಲ್ಲಿ ಸಿಗುತ್ತದೆ, ಸ್ಕ್ರೂ ಹಾಕಿಸಿ. ಹಗ್ಗವಾದರೆ ಐದು ಅಡಿಗಿಂತ ಮೇಲೆ ಕೊಕ್ಕೆ ಹೊಡೆದು ಸುತ್ತಿಡಿ. ಹೊಸದು ಕೊಳ್ಳುವಾಗ ಹಗ್ಗವೇ ಇಲ್ಲದ, ಕೈಯಿಂದ ಎತ್ತಿ ಇಳಿಸುವ ಬ್ಲೈಂಡ್ ಕೇಳಿ. ಮಗುವಿನ ಕೋಣೆಗಂತೂ ಬಟ್ಟೆಯ ಪರದೆಯೇ ಇರಲಿ, ಅದನ್ನು ಕಟ್ಟುವ ಪಟ್ಟಿಯೂ ಉದ್ದ ಬೇಡ. ಅಜ್ಜಿಮನೆಯ ಕಿಟಕಿಗಳನ್ನೂ ನೋಡಿ.

*

ನಮ್ಮ ಕಿಟಕಿ ಐದು ಅಡಿ ಅಗಲ. ಪರದೆ ಏಳೂವರೆ ಅಡಿ ಉದ್ದ ಬರಬೇಕು. ಅಂಗಡಿಯವರು ಹನ್ನೆರಡು ಮೀಟರ್ ಬಟ್ಟೆ ಬೇಕು ಅನ್ನುತ್ತಾರೆ. ನಿಜವೇ?
— ಓದುಗರು, ದಾವಣಗೆರೆ

ಲೆಕ್ಕ ಹಾಕೋಣ. ರಾಡ್ ಎರಡೂ ಕಡೆ ಆರು ಇಂಚು ಚಾಚಿದರೆ ಆರು ಅಡಿ, ಅಂದರೆ 72 ಇಂಚು. ನೆರಿಗೆ ಚೆನ್ನಾಗಿ ಬರಲು ಅದರ ಎರಡರಷ್ಟು ಬಟ್ಟೆ ಬೇಕು: 144 ಇಂಚು. ಪರದೆ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 48 ಇಂಚು. ಹಾಗಾದರೆ ಮೂರು ತುಂಡು. ಪ್ರತಿ ತುಂಡಿನ ಉದ್ದ 90 ಇಂಚು, ಕೆಳಗೆ ಮಡಿಸಲು ಆರು, ಮೇಲೆ ನಾಲ್ಕು. ಒಟ್ಟು 100 ಇಂಚು. ಹತ್ತಿಯಾದರೆ ಕುಗ್ಗುವುದಕ್ಕೆ ಐದು ಇಂಚು ಸೇರಿಸಿ. ಒಂದು ತುಂಡಿಗೆ ಎರಡೂ ಮುಕ್ಕಾಲು ಮೀಟರ್ ಹಿಡಿದರೆ ಮೂರಕ್ಕೆ ಎಂಟೂಕಾಲು ಮೀಟರ್. ದೊಡ್ಡ ಹೂವಿನ ಡಿಸೈನ್ ಇದ್ದು 24 ಇಂಚಿಗೊಮ್ಮೆ ಮರುಕಳಿಸುತ್ತಿದ್ದರೆ, ಹೂವು ಹೂವಿಗೆ ಸೇರಲು ಪ್ರತಿ ತುಂಡು 120 ಇಂಚು ಬೇಕು. ಆಗಲೂ ಒಂಬತ್ತೂಕಾಲು ಮೀಟರ್ ಸಾಕು. ಹನ್ನೆರಡು ಯಾಕೆ ಎಂದು ನಯವಾಗಿ ಕೇಳಿ, ಕಾಗದದ ಮೇಲೆ ಬರೆದು ತೋರಿಸಲು ಹೇಳಿ. ತೆಳು ಪರದೆಗಾದರೆ ನೆರಿಗೆ ಎರಡೂವರೆಯಷ್ಟು ಇರಲಿ, ಕಡಿಮೆಯಾದರೆ ಬೆಡ್‌ಶೀಟ್ ನೇತುಹಾಕಿದ ಹಾಗೆ ಕಾಣುತ್ತದೆ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿ.

*

ನಾವು ಮೂವರು ಹುಡುಗಿಯರು ಬಾಡಿಗೆ ಫ್ಲಾಟ್‌ನಲ್ಲಿದ್ದೇವೆ. ಗೋಡೆಗೆ ಡ್ರಿಲ್ ಮಾಡಬಾರದೆಂದು ಓನರ್ ಕಡ್ಡಾಯ ಮಾಡಿದ್ದಾರೆ. ಕಿಟಕಿಗೆ ಈಗ ದುಪಟ್ಟಾ ಕಟ್ಟಿದ್ದೇವೆ.
— ಓದುಗರು, ಎಲೆಕ್ಟ್ರಾನಿಕ್ ಸಿಟಿ

ಮಕ್ಕಳೇ, ಕಿಟಕಿಯ ಗೂಡಿನೊಳಗೆ ಎರಡು ಬದಿಗೆ ಒತ್ತಿ ನಿಲ್ಲುವ ಟೆನ್ಷನ್ ರಾಡ್ ತನ್ನಿ, ಡ್ರಿಲ್ ಬೇಡ. ಹಗುರ ಬಟ್ಟೆಯನ್ನಷ್ಟೇ ಅದು ಹೊರುತ್ತದೆ. ಒಳಗಡೆ ಗ್ರಿಲ್ ಇದ್ದರೆ ಇನ್ನೂ ಸುಲಭ, ಸ್ಪ್ರಿಂಗ್ ತಂತಿಯ ಕೊಕ್ಕೆಯನ್ನು ಗ್ರಿಲ್ ಸರಳಿಗೇ ಸಿಕ್ಕಿಸಿ. ರೆಡಿಮೇಡ್ ಪರದೆ ಐದು, ಏಳು, ಒಂಬತ್ತು ಅಡಿ ಉದ್ದದಲ್ಲಿ ಸಿಗುತ್ತದೆ. ಏಳು ಅಡಿಯದ್ದು ಕೊಂಡು ಕೆಳಗೆ ಮಡಿಸಿ ಹೊಲಿಸಿ, ಕತ್ತರಿಸಬೇಡಿ. ಮುಂದಿನ ಮನೆಯ ಕಿಟಕಿ ದೊಡ್ಡದಿದ್ದರೆ ಬಿಚ್ಚಿಕೊಳ್ಳಬಹುದು. ಬಟ್ಟೆ ತಿಳಿಬಣ್ಣದ್ದಾದರೂ ಒತ್ತು ನೇಯ್ಗೆಯದ್ದಿರಲಿ. ಟಾರ್ಚ್ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ, ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ನಡುವೆ ಕೈಯಿಟ್ಟು ಬೆರಳಿನ ಆಕಾರ ಕಾಣದಿದ್ದರೆ ತೆಗೆದುಕೊಳ್ಳಿ. ಸ್ಪ್ರಿಂಗ್ ತಂತಿಯನ್ನು ಕಿಟಕಿಯ ಅಗಲಕ್ಕಿಂತ ಮೂರು ನಾಲ್ಕು ಇಂಚು ಕಡಿಮೆ ಉದ್ದಕ್ಕೆ ಕತ್ತರಿಸಿಕೊಡಲು ಹೇಳಿ, ಇಲ್ಲದಿದ್ದರೆ ನಡುವೆ ಜೋತುಬಿದ್ದು ಮೇಲೆ ಸಂದು ಬಿಡುತ್ತದೆ.